ಹೆತ್ತ ತಾಯಿಯೇ ಗುರುತಿಸಿದ ಮೇಲೆ: ಟಿಚ್‌ಬೋರ್ನ್ ವಾರಸುದಾರನ ಪ್ರಕರಣ

1865ರಲ್ಲಿ ಆಸ್ಟ್ರೇಲಿಯಾದ ಪತ್ರಿಕೆಗಳಲ್ಲಿ ಒಂದು ಜಾಹೀರಾತು ಬಂತು. ರೋಜರ್ ಚಾರ್ಲ್ಸ್ ಟಿಚ್‌ಬೋರ್ನ್ ಎಂಬಾತ 1854ರ ಏಪ್ರಿಲ್ 20ರಂದು ರಿಯೊ ಡಿ ಜನೈರೊದಲ್ಲಿ ‘ಬೆಲ್ಲಾ’ ಎಂಬ ಹಡಗು ಹತ್ತಿದ. ಆ ಹಡಗು ಮತ್ತೆ ಕಾಣಿಸಲಿಲ್ಲ. ಆದರೆ ಅದರಲ್ಲಿದ್ದ ಕೆಲವರನ್ನು ಆಸ್ಟ್ರೇಲಿಯಾ ಕಡೆಗೆ ಹೊರಟಿದ್ದ ಇನ್ನೊಂದು ಹಡಗು ಎತ್ತಿಕೊಂಡಿತೆಂಬ ಮಾತಿದೆ. ಆತನ ಮೈಕಟ್ಟು ನಾಜೂಕು, ಎತ್ತರ ತುಸು ಹೆಚ್ಚು, ತೆಳು ಕಂದು ಕೂದಲು, ನೀಲಿ ಕಣ್ಣು. ತಂದೆ ಸರ್ ಜೇಮ್ಸ್ ತೀರಿಕೊಂಡಿದ್ದಾರೆ, ಆಸ್ತಿಗೆಲ್ಲ ಈತನೇ ವಾರಸುದಾರ. ಸುಳಿವು ಕೊಟ್ಟವರಿಗೆ ಒಳ್ಳೆಯ ಬಹುಮಾನ ಉಂಟು. ಜಾಹೀರಾತಿನ ಸಾರ ಇಷ್ಟು.

ಕೋರ್ಟು ಕಡತ ಓದಿ ಅಭ್ಯಾಸವಿರುವವರು ಇದನ್ನು ಇನ್ನೊಮ್ಮೆ ಓದಬೇಕು. ಹೆಸರು, ಹಡಗು, ತಾರೀಖು, ಬಂದರು, ತಂದೆಯ ಹೆಸರು, ಬದುಕಿ ಉಳಿದದ್ದು ಹೇಗೆ ಎಂಬ ಕಥೆ, ಕೊನೆಗೆ ಬಂದರೆ ಏನು ಸಿಗುತ್ತದೆ ಎಂಬುದೂ ಅದರಲ್ಲಿದೆ. ಕಳೆದುಹೋದ ಒಡವೆಗೆ ಪ್ರಕಟಣೆ ಕೊಡುವ ಅಂಗಡಿಯವನೂ ಒಂದು ಗುರುತನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ಮಗನಿಗಾಗಿ ಈ ಜಾಹೀರಾತು ಹಾಕಿಸಿದ ತಾಯಿ ಯಾವುದನ್ನೂ ಇಟ್ಟುಕೊಳ್ಳಲಿಲ್ಲ.

ಇಂಗ್ಲೆಂಡಿನ ನ್ಯಾಯಾಲಯಗಳನ್ನು ವರ್ಷಗಟ್ಟಲೆ ಹಿಡಿದಿಟ್ಟ ಟಿಚ್‌ಬೋರ್ನ್ ಪ್ರಕರಣವನ್ನು ಸಾಮಾನ್ಯವಾಗಿ ‘ಒಬ್ಬ ಕಟುಕ ಜಮೀನ್ದಾರನ ಹೆಸರು ಕದ್ದ ಕಥೆ’ ಎಂದು ಹೇಳುತ್ತಾರೆ. ನನಗೆ ಕದ್ದ ಎಂಬ ಮಾತು ಅಷ್ಟಾಗಿ ಒಪ್ಪುವುದಿಲ್ಲ. ಆತನ ಕೈಗೆ ಆ ಹೆಸರನ್ನು ತುಂಡುತುಂಡಾಗಿ ತಂದುಕೊಟ್ಟವರು ಬೇರೆಯವರು. ಯಾರು, ಯಾವಾಗ, ಏನನ್ನು ಕೊಟ್ಟರು ಎಂದು ಲೆಕ್ಕ ಹಾಕುತ್ತ ಹೋದರೆ ಪ್ರಕರಣ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮನೆತನ

ಹ್ಯಾಂಪ್‌ಶೈರಿನ ಆಲ್ರೆಸ್‌ಫರ್ಡ್ ಹತ್ತಿರದ ಟಿಚ್‌ಬೋರ್ನ್ ಮನೆತನ ಬಹಳ ಹಳೆಯದು. ದೇಶವೆಲ್ಲ ಪ್ರಾಟೆಸ್ಟೆಂಟ್ ಆದಮೇಲೂ ಕ್ಯಾಥೊಲಿಕ್ ಆಗಿಯೇ ಉಳಿದ ಮನೆ. 1621ರಲ್ಲಿ ಬ್ಯಾರನೆಟ್ ಎಂಬ ವಂಶಪಾರಂಪರ್ಯದ ಬಿರುದು ಬಂದಿತ್ತು. ಆ ಊರಲ್ಲಿ ಒಂದು ಶಾಪದ ಕಥೆಯೂ ಇದೆ. 12ನೆಯ ಶತಮಾನದಲ್ಲಿ ಸಾಯುವ ಸ್ಥಿತಿಯಲ್ಲಿದ್ದ ಮೇಬೆಲ್ಲಾ ಎಂಬ ಯಜಮಾನಿ, ವರ್ಷಕ್ಕೊಮ್ಮೆ ಬಡವರಿಗೆ ದಾನ ಕೊಡಬೇಕೆಂದು ಗಂಡನನ್ನು ಕೇಳಿದಳಂತೆ. ಉರಿಯುವ ಕೊಳ್ಳಿ ಆರುವುದರೊಳಗೆ ನೀನು ಎಷ್ಟು ನೆಲ ಸುತ್ತಿ ಬರುತ್ತೀಯೋ ಅಷ್ಟರ ಫಸಲು ದಾನಕ್ಕೆ ಎಂದನಂತೆ ಆ ಪುಣ್ಯಾತ್ಮ. ಆಕೆ ತೆವಳಿಕೊಂಡೇ 23 ಎಕರೆ ಸುತ್ತಿದಳು. ದಾನ ನಿಂತರೆ ಏಳು ಗಂಡುಮಕ್ಕಳ ತಲೆಮಾರಿನ ಹಿಂದೆಯೇ ಏಳು ಹೆಣ್ಣುಮಕ್ಕಳ ತಲೆಮಾರು ಬಂದು ಮನೆಯ ಹೆಸರು ಅಳಿಯುತ್ತದೆ ಎಂದು ಶಪಿಸಿದಳು. 1796ರಲ್ಲಿ ದಾನ ನಿಂತಿತು. ಆಗಿನ ಯಜಮಾನನಿಗೆ ಏಳು ಗಂಡುಮಕ್ಕಳು, ಅವರಲ್ಲಿ ಹಿರಿಯನಿಗೆ ಏಳು ಹೆಣ್ಣುಮಕ್ಕಳು. ಹೆದರಿದ ಮನೆಯವರು ಮತ್ತೆ ಹಿಟ್ಟು ಹಂಚತೊಡಗಿದರು. ಶಾಪವನ್ನು ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ಆದರೆ ಗಂಡು ಸಂತಾನ ಇಲ್ಲದ್ದರಿಂದ ಬಿರುದು ಅಣ್ಣನಿಂದ ತಮ್ಮನಿಗೆ, ಅಲ್ಲಿಂದ ಇನ್ನೊಬ್ಬ ತಮ್ಮನಿಗೆ ಜಾರುತ್ತ ಬಂದದ್ದು ದಾಖಲೆಯ ವಿಷಯ. ಹಾಗೆ ಜಾರಿಯೇ ಅದು ರೋಜರನ ತಂದೆ ಜೇಮ್ಸ್‌ವರೆಗೆ ಬಂತು.

ರೋಜರ್ ಹುಟ್ಟಿದ್ದು ಪ್ಯಾರಿಸಿನಲ್ಲಿ, 1829ರ ಜನವರಿ 5ರಂದು. ತಾಯಿ ಹೆನ್ರಿಯೆಟ್ ಫೆಲಿಸಿಟೆ ಫ್ರಾನ್ಸಿನಲ್ಲೇ ಬೆಳೆದವಳು. ಇಂಗ್ಲೆಂಡೆಂದರೆ ಆಕೆಗೆ ಆಗದು. ಹದಿನಾರು ವರ್ಷದವರೆಗೂ ಮಗನನ್ನು ಅಲ್ಲೇ, ಫ್ರೆಂಚ್ ಮಾತಿನಲ್ಲೇ ಬೆಳೆಸಿದಳು. 1845ರಲ್ಲಿ ದೊಡ್ಡಪ್ಪನ ಅಂತ್ಯಕ್ರಿಯೆಯ ನೆಪದಲ್ಲಿ ತಂದೆ ಅವನನ್ನು ಇಂಗ್ಲೆಂಡಿಗೆ ಕರೆತಂದು, ಜೆಸ್ಯೂಟರೆಂಬ ಕ್ಯಾಥೊಲಿಕ್ ಪಾದ್ರಿಗಳ ಸ್ಟೋನಿಹರ್ಸ್ಟ್ ಶಾಲೆಗೆ ಸೇರಿಸಿದ. 1849ರಲ್ಲಿ ರೋಜರ್ ಕಾರಬಿನಿಯರ್ಸ್ ಎಂಬ ಕುದುರೆ ದಳದಲ್ಲಿ ಅಧಿಕಾರಿಯಾದ. (ಅದೇ ದಳ 1857ರ ಮೇ ತಿಂಗಳಲ್ಲಿ ಮೀರತ್ತಿನಲ್ಲಿತ್ತು. ಹುಡುಗ ಕೆಲಸ ಬಿಡದೆ ಇದ್ದಿದ್ದರೆ ನಮ್ಮ ದಂಗೆಯ ಇತಿಹಾಸದ ಯಾವುದೋ ಪಟ್ಟಿಯಲ್ಲಿ ಅವನ ಹೆಸರಿರುತ್ತಿತ್ತು.) ಸಣಕಲು ಮೈ, ಫ್ರೆಂಚ್ ಎಳೆತದ ಇಂಗ್ಲಿಷ್. ಜೊತೆಯವರ ಗೇಲಿಗೆ ಅಷ್ಟು ಸಾಕು.

ಕೆಲಸ ಬಿಡಲು ಕಾರಣ ಚಿಕ್ಕಪ್ಪ–ದೊಡ್ಡಪ್ಪಂದಿರ ಮನೆಯೊಳಗೇ ಇತ್ತು. ಅವನು ತನ್ನ ದೊಡ್ಡಪ್ಪ ಸರ್ ಎಡ್ವರ್ಡ್ ಡೌಟಿಯ ಮಗಳು ಕ್ಯಾಥರೀನಳನ್ನು ಪ್ರೀತಿಸಿದ. ಅಣ್ಣತಮ್ಮಂದಿರ ಮಕ್ಕಳ ಮದುವೆ ನಮ್ಮಲ್ಲಿ ಎಣಿಸಲೂ ಆಗದ ಸಂಬಂಧ. ಅಲ್ಲಿ ಚರ್ಚಿನ ವಿಶೇಷ ಅನುಮತಿ ಸಿಕ್ಕರೆ ಆಗಬಹುದಿತ್ತು. ಹುಡುಗನ ಕುಡಿತ ಕಂಡಿದ್ದ ದೊಡ್ಡಪ್ಪ, ಮೂರು ವರ್ಷ ಕಾಯಿರಿ, ಆಗಲೂ ಇಬ್ಬರ ಮನಸ್ಸು ಹೀಗೇ ಇದ್ದರೆ ನೋಡೋಣ ಎಂದ. ಹೊರಡುವ ಮುನ್ನ ರೋಜರ್ ಒಂದು ಕಾಗದ ಬರೆದು, ಮೊಹರು ಹಾಕಿ, ಜಮೀನಿನ ಮೇಲ್ವಿಚಾರಕ ವಿನ್ಸೆಂಟ್ ಗಾಸ್‌ಫರ್ಡ್ ಕೈಗೆ ಕೊಟ್ಟ. ಆ ಲಕೋಟೆಯನ್ನು ನೆನಪಿನಲ್ಲಿಡಿ.

1853ರ ಮಾರ್ಚಿನಲ್ಲಿ ಹಡಗು ಹತ್ತಿ ಚಿಲಿಗೆ ಹೋದ. ಆಂಡೀಸ್ ದಾಟಿದ, ಬ್ಯೂನಸ್ ಐರಿಸ್ ನೋಡಿದ, ರಿಯೊ ತಲುಪಿದ. ಬೆಲ್ಲಾ ಹೊರಟ ನಾಲ್ಕನೆಯ ದಿನ, ಬ್ರೆಜಿಲ್ ಕರಾವಳಿಯಾಚೆ ಅದರ ಒಂದು ದೋಣಿ ಮಗುಚಿಕೊಂಡು ತೇಲುತ್ತಿದ್ದದ್ದು ಸಿಕ್ಕಿತು. ಮನುಷ್ಯರು ಒಬ್ಬರೂ ಇರಲಿಲ್ಲ. ಮರುವರ್ಷ ಅವನು ಸತ್ತನೆಂದು ತೀರ್ಮಾನವಾಗಿ ಉಯಿಲು ಜಾರಿಗೆ ಬಂತು.

ಒಪ್ಪದೆ ಉಳಿದವಳು ತಾಯಿ ಒಬ್ಬಳೇ. ಕಣಿ ಹೇಳುವವಳೊಬ್ಬಳು, ನಿಮ್ಮ ಮಗ ಬದುಕಿದ್ದಾನೆ ಅಂದಳು. ಆಕೆಗೆ ಅದು ಸಾಕಾಯಿತು. 1862ರಲ್ಲಿ ಗಂಡ ತೀರಿಕೊಂಡ ಮೇಲೆ ತಡೆಯುವವರೂ ಇರಲಿಲ್ಲ. ಮೊದಲು ಲಂಡನ್ನಿನ ಟೈಮ್ಸ್‌ನಲ್ಲಿ, ಆಮೇಲೆ ಸಿಡ್ನಿಯಲ್ಲಿ ಕಾಣೆಯಾದವರನ್ನು ಹುಡುಕಿಕೊಡುವ ಕಚೇರಿಯೊಂದರ ಮೂಲಕ ಜಾಹೀರಾತು ಹಾಕಿಸಿದಳು.

ವಾಗಾ ವಾಗಾದ ಕಟುಕ

ನ್ಯೂ ಸೌತ್ ವೇಲ್ಸ್‌ನ ವಾಗಾ ವಾಗಾ ಎಂಬ ಸಣ್ಣ ಊರಿನಲ್ಲಿ ವಿಲಿಯಂ ಗಿಬ್ಸ್ ಎಂಬ ವಕೀಲನಿದ್ದ. ಅವನ ಬಳಿಗೆ ಟಾಮ್ ಕ್ಯಾಸ್ಟ್ರೊ ಎಂಬ ಕಟುಕ ದಿವಾಳಿ ಅರ್ಜಿಯ ಕೆಲಸಕ್ಕೆ ಬಂದ. ಮಾತಿನ ನಡುವೆ, ತನಗೆ ಇಂಗ್ಲೆಂಡಿನಲ್ಲಿ ಆಸ್ತಿ ಇದೆ, ತಾನೊಮ್ಮೆ ಹಡಗು ಒಡೆದು ಬದುಕಿ ಬಂದವನು ಎಂದೆಲ್ಲ ಅಂದ. ಅವನ ಪೈಪಿನ ಮೇಲೆ ಆರ್.ಸಿ.ಟಿ. ಎಂದು ಕೊರೆದಿತ್ತು. ಜಾಹೀರಾತು ಕಂಡಿದ್ದ ಗಿಬ್ಸ್‌ಗೆ ತಲೆಯಲ್ಲಿ ದೀಪ ಹೊತ್ತಿತು: ನೀವು ನಿಮ್ಮ ನಿಜವಾದ ಹೆಸರು ಹೇಳುತ್ತೀರೋ, ನಾನೇ ಹೇಳಲೋ? ಕ್ಯಾಸ್ಟ್ರೊ ಸ್ವಲ್ಪ ಹಿಂಜರಿದ, ಆಮೇಲೆ ಒಪ್ಪಿದ. ಗಮನಿಸಬೇಕಾದದ್ದು, ಹೆಸರನ್ನು ಮೊದಲು ಮೇಜಿನ ಮೇಲಿಟ್ಟವನು ವಕೀಲ.

1866ರ ಜನವರಿಯಲ್ಲಿ ಈ ಮಗ ತಾಯಿಗೆ ಮೊದಲ ಪತ್ರ ಬರೆದ. ತುಂಬ ಕಾಗುಣಿತದ ತಪ್ಪು. ರೋಜರನ ಇಂಗ್ಲಿಷಿನಲ್ಲೂ ತಪ್ಪಿರುತ್ತಿತ್ತು ನಿಜ. ಅವು ಫ್ರೆಂಚಿನಲ್ಲಿ ಯೋಚಿಸುವವನ ತಪ್ಪುಗಳು. ಇವು ಶಾಲೆಗೆ ಹೋಗದವನ ತಪ್ಪುಗಳು. ಗುರುತಿಗೆಂದು ತನ್ನ ಮೈಮೇಲೊಂದು ಕಂದು ಮಚ್ಚೆ ಇದೆ ಎಂದೂ, ಬ್ರೈಟನ್ನಿನಲ್ಲಿ ನಡೆದ ಒಂದು ಘಟನೆ ನೆನಪಿರಬೇಕೆಂದೂ ಬರೆದಿದ್ದ. ತಾಯಿಗೆ ಎರಡೂ ಗೊತ್ತಿರಲಿಲ್ಲ. ಆದರೂ ಆಕೆ ಗಿಬ್ಸ್‌ಗೆ ಬರೆದದ್ದರ ತಾತ್ಪರ್ಯ ಇದು: ಪಾಪ, ನನ್ನ ರೋಜರ್ ಕನಸಿನಲ್ಲಿದ್ದವನ ಹಾಗೆ ಎಲ್ಲವನ್ನೂ ಕಲಸಿಕೊಂಡಿದ್ದಾನೆ, ಅವನು ಹೇಳುವುದಕ್ಕೂ ನಾನು ಹೇಳುವುದಕ್ಕೂ ತಾಳೆಯಾಗದಿದ್ದರೂ ಅವನು ನನ್ನ ಮಗ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗಬಹುದು. ಹನ್ನೆರಡು ವರ್ಷ ಕಾದವಳ ಮುಂದೆ ನಿಂತು ನಗುವುದು ಅಷ್ಟು ಸುಲಭವಲ್ಲ.

ಅದೇ ಸುಮಾರಿಗೆ ಅವನು ಬರೆಸಿದ ಉಯಿಲೊಂದಿದೆ. ಅದರಲ್ಲಿ ತಾಯಿಯ ಹೆಸರು ಹ್ಯಾನಾ ಫ್ರಾನ್ಸಿಸ್! ಹೆತ್ತವಳ ಹೆಸರು ಗೊತ್ತಿಲ್ಲದ ಮಗ. ಟಿಚ್‌ಬೋರ್ನರಿಗೆ ಇಲ್ಲದ ಜಮೀನುಗಳೂ ಅದರಲ್ಲಿದ್ದವು. ಪ್ರಕರಣ ಅಲ್ಲೇ ಮುಗಿಯಬೇಕಿತ್ತು.

ಅವನ ಮದುವೆಯ ವಿಷಯ ಇಲ್ಲೇ ಹೇಳಬೇಕು. 1865ರ ಜನವರಿಯಲ್ಲಿ ಅವನು ಮೇರಿ ಆ್ಯನ್ ಬ್ರಯಂಟ್ ಎಂಬ, ಓದುಬರಹ ಬಾರದ ಮನೆಗೆಲಸದ ಹೆಂಗಸನ್ನು ಟಾಮ್ ಕ್ಯಾಸ್ಟ್ರೊ ಎಂಬ ಹೆಸರಿನಲ್ಲಿ, ವೆಸ್ಲಿಯನ್ ಎಂಬ ಪ್ರಾಟೆಸ್ಟೆಂಟ್ ಪದ್ಧತಿಯಲ್ಲಿ ಮದುವೆಯಾಗಿದ್ದ. ಮರುವರ್ಷ ಅದೇ ಹೆಂಗಸನ್ನು ರೋಜರ್ ಟಿಚ್‌ಬೋರ್ನ್ ಎಂಬ ಹೆಸರಿನಲ್ಲಿ, ಕ್ಯಾಥೊಲಿಕ್ ಪಾದ್ರಿಯ ಮುಂದೆ, ಗೌಲ್ಬರ್ನ್ ಎಂಬ ಊರಿನಲ್ಲಿ ಮತ್ತೊಮ್ಮೆ ಮದುವೆಯಾದ. ಹುಟ್ಟಲಿರುವ ಮಗನಿಗೆ ಬಿರುದು ಇಳಿಯಬೇಕಾದರೆ ಮದುವೆ ಪಕ್ಕಾ ಇರಬೇಕಲ್ಲ. ಒಬ್ಬಳೇ ಹೆಂಡತಿ, ಎರಡು ಮದುವೆ, ಎರಡು ಗಂಡಂದಿರು. ಮೇರಿ ಆ್ಯನ್‌ಗೆ ಇದರಲ್ಲಿ ಎಷ್ಟು ಅರ್ಥವಾಗಿತ್ತೆಂದು ಯಾರೂ ಸರಿಯಾಗಿ ಕೇಳಿದಂತಿಲ್ಲ.

ಸಿಡ್ನಿಯಲ್ಲಿ ಅವನಿಗೆ ಸಿಕ್ಕ ದೊಡ್ಡ ಆಸ್ತಿಯೆಂದರೆ ಆಂಡ್ರ್ಯೂ ಬೋಗಲ್. ಜಮೈಕದಲ್ಲಿ ಗುಲಾಮನಾಗಿ ಹುಟ್ಟಿ, ಸರ್ ಎಡ್ವರ್ಡ್‌ಗೆ ವರ್ಷಗಟ್ಟಲೆ ಆಳಾಗಿ ದುಡಿದು, ಪಿಂಚಣಿ ಪಡೆದು ಸಿಡ್ನಿಯಲ್ಲಿ ನೆಲೆಸಿದ್ದ ಮುದುಕ. ರೋಜರನನ್ನು ಹುಡುಗನಾಗಿದ್ದಾಗ ಕಂಡವನು. ಆತ ಈ ದಪ್ಪ ಮನುಷ್ಯನನ್ನು ನೋಡಿ, ಹೌದು, ಇವರೇ ಚಿಕ್ಕ ಯಜಮಾನರು ಎಂದ. ಕೊನೆಯವರೆಗೂ ಆ ಮಾತು ಬದಲಿಸಲಿಲ್ಲ. ಕುಟುಂಬದವರು ವರ್ಷದ 50 ಪೌಂಡ್ ಪಿಂಚಣಿ ನಿಲ್ಲಿಸಿದರೂ ಬದಲಿಸಲಿಲ್ಲ. ಅವನನ್ನು ಮೋಸಗಾರ ಎನ್ನಲು ನನಗೆ ಮನಸ್ಸಿಲ್ಲ, ಕಳೆದುಕೊಂಡದ್ದೇ ಹೆಚ್ಚು. ಆದರೆ ಹಳ್ಳಿಮನೆಯ ಕೋಣೆ, ಚಿತ್ರಪಟ, ನಾಯಿ, ನೆಂಟರ ಹೆಸರು ಎಲ್ಲ ಬಲ್ಲವನೊಬ್ಬ ಪಕ್ಕದಲ್ಲಿ ಕೂತು ಹಡಗಿನಲ್ಲಿ ತಿಂಗಳುಗಟ್ಟಲೆ ಹಳೆಯ ಕಾಲದ ಮಾತಾಡಿದರೆ ಕೇಳುವವನಿಗೆ ಎಷ್ಟು ಬಂದೀತು ಎಂಬುದನ್ನು ಊಹಿಸಬಹುದು.

ಕ್ರಿಸ್‌ಮಸ್ ರಾತ್ರಿ, ಮತ್ತು ಪ್ಯಾರಿಸಿನ ಕತ್ತಲೆ ಕೋಣೆ

1866ರ ಕ್ರಿಸ್‌ಮಸ್ ದಿನ ಅವನು ಲಂಡನ್ ಮುಟ್ಟಿದ. ತಾಯಿ ಪ್ಯಾರಿಸಿನಲ್ಲಿ ಕಾಯುತ್ತಿದ್ದಾಳೆ. ಈತ ಅದೇ ರಾತ್ರಿ ಹೋದದ್ದು ಥೇಮ್ಸ್ ದಂಡೆಯ ವಾಪಿಂಗ್ ಎಂಬ ಬಡ ಬಂದರು ಕೇರಿಗೆ. ಗ್ಲೋಬ್ ಎಂಬ ಹೆಂಡದಂಗಡಿಯಲ್ಲಿ ಕೂತು, ಇಲ್ಲೊಂದು ಆರ್ಟನ್ ಎಂಬ ಕಟುಕರ ಮನೆ ಇತ್ತಲ್ಲ, ಅವರೆಲ್ಲ ಈಗ ಎಲ್ಲಿ ಎಂದು ವಿಚಾರಿಸಿದ. ಆಮೇಲೆ ಆ ಮನೆಯ ಹೆಣ್ಣುಮಗಳಿಗೆ ಬೇರೊಂದು ಹೆಸರಿನಲ್ಲಿ ಪತ್ರ ಬರೆದು, ನಿಮ್ಮ ತಮ್ಮ ಆರ್ಥರ್ ಆಸ್ಟ್ರೇಲಿಯಾದಲ್ಲಿ ಚೆನ್ನಾಗಿದ್ದಾನೆ ಎಂದ; ಆರ್ಥರನ ಹೆಂಡತಿ ಮಗುವಿನದೆಂದು ಒಂದು ಫೋಟೊ ಕೊಟ್ಟ. ಅದರಲ್ಲಿದ್ದದ್ದು ಮೇರಿ ಆ್ಯನ್ ಮತ್ತು ಅವಳ ಮಗು.

ಇಷ್ಟು ದೊಡ್ಡ ವೇಷ ಕಟ್ಟಿದವನು ಇಷ್ಟು ಸಣ್ಣ ಕೆಲಸಕ್ಕೆ ಯಾಕೆ ಹೋದ? ಕೋರ್ಟಿನಲ್ಲಿ ಅವನು ಕೊಟ್ಟ ವಿವರಣೆ, ಆರ್ಥರ್ ಆರ್ಟನ್ ತನ್ನ ಗೆಳೆಯ, ಅವನ ಮನೆಯವರಿಗೆ ಸುದ್ದಿ ಮುಟ್ಟಿಸಲು ಹೋದೆ ಎಂಬುದು. ನನಗೆ ಕಾಣುವುದು ಬೇರೆ. ಹದಿನಾಲ್ಕು ವರ್ಷದ ಮೇಲೆ ಊರಿಗೆ ಬಂದವನೊಬ್ಬ ಹಬ್ಬದ ರಾತ್ರಿ ತನ್ನ ಮನೆಯ ಬಾಗಿಲು ತಟ್ಟದೆ ಇರಲಾರದೆ ಹೋಗಿದ್ದಾನೆ. ಇಡೀ ಪ್ರಕರಣದಲ್ಲಿ ಅವನು ನಿಜವಾಗಿ ಮನೆಗೆ ಬಂದ ಕ್ಷಣ ಅದೊಂದೇ, ಅವನನ್ನು ಮುಳುಗಿಸಿದ್ದೂ ಅದೇ. ಕುಟುಂಬದವರು ನೇಮಿಸಿದ ಪತ್ತೇದಾರ ಜೊನಾಥನ್ ವಿಚರ್, 1860ರ ರೋಡ್ ಹಿಲ್ ಕೊಲೆ ತನಿಖೆಯಿಂದ ಹೆಸರಾಗಿದ್ದ ಸ್ಕಾಟ್‌ಲೆಂಡ್ ಯಾರ್ಡಿನ ನಿವೃತ್ತ ಅಧಿಕಾರಿ, ಹಿಡಿದದ್ದು ಈ ವಾಪಿಂಗ್ ಜಾಡನ್ನೇ.

1867ರ ಜನವರಿ 11ರಂದು ತಾಯಿ ಮಗನ ಭೇಟಿ ಪ್ಯಾರಿಸಿನ ಹೋಟೆಲೊಂದರಲ್ಲಿ ಆಯಿತು. ಮಗ ಕಾಯಿಲೆಯೆಂದು ಹಾಸಿಗೆ ಹಿಡಿದಿದ್ದ, ಕೋಣೆ ಕತ್ತಲು, ಮುಖ ಗೋಡೆಯ ಕಡೆ. ಬಾಗಿ ನೋಡಿದ ತಾಯಿ, ಕಿವಿ ಅವನ ಚಿಕ್ಕಪ್ಪನ ಕಿವಿಯ ಹಾಗೇ ಇದೆ ಎಂದಳು. ರೋಜರನಿಗೆ ಪಾಠ ಹೇಳಿದ್ದ ಶಾತಿಯೋಂ ಬಂದು ನೋಡಿ, ಅಮ್ಮಾ ಇವನಲ್ಲ ಎಂದ. ಆಕೆ ಕೇಳಲಿಲ್ಲ. ವರ್ಷಕ್ಕೆ 1,000 ಪೌಂಡ್ ಗೊತ್ತುಮಾಡಿದಳು, ಪ್ರಮಾಣಪತ್ರ ಕೊಟ್ಟಳು, ಮಗ ದಕ್ಷಿಣ ಅಮೆರಿಕದಿಂದ ಬರೆದಿದ್ದ ಹಳೆಯ ಪತ್ರಗಳನ್ನು ಅವನ ಕೈಗೇ ಇಟ್ಟಳು. ಪರೀಕ್ಷೆಗೆ ಕೂರುವವನಿಗೆ ಪರೀಕ್ಷಕರೇ ಉತ್ತರಪತ್ರಿಕೆ ಕೊಟ್ಟ ಹಾಗಾಯಿತು.

ಇನ್ನು ಉಳಿದದ್ದು ಸೈನ್ಯದ ನೆನಪು. ಅದಕ್ಕೆ ಕಾರ್ಟರ್, ಮೆಕ್‌ಕ್ಯಾನ್ ಎಂಬ ಇಬ್ಬರು ಹಳೆಯ ಕಾರಬಿನಿಯರ್ ಸಿಪಾಯಿಗಳನ್ನು ಮನೆಗೆಲಸಕ್ಕೆ ಇಟ್ಟುಕೊಂಡ. ಅದಾದ ಮೇಲೆ ದಳದ ಅಧಿಕಾರಿಗಳ ಅಡ್ಡಹೆಸರು, ಕುದುರೆಗಳ ಹೆಸರು, ಮೆಸ್ಸಿನ ಕೀಟಲೆ ಎಲ್ಲ ಅವನಿಗೆ ಸರಾಗ. ಅದನ್ನು ಕೇಳಿದ ಇನ್ನಷ್ಟು ಸಿಪಾಯಿಗಳು, ಅಧಿಕಾರಿಗಳು ನಂಬಿದರು. ಅವರ ಮಾತಿನಿಂದ ಇವನಿಗೆ ಇನ್ನಷ್ಟು ಗೊತ್ತಾಯಿತು. ಹಳೆಯ ವಕೀಲ ಹಾಪ್ಕಿನ್ಸ್, ಮನೆತನದ ಚರಿತ್ರೆ ಬರೆಯುತ್ತಿದ್ದ ಫ್ರಾನ್ಸಿಸ್ ಬೇಜೆಂಟ್, ಸಂಸದ ಗಿಲ್ಡ್‌ಫರ್ಡ್ ಆನ್‌ಸ್ಲೊ ಒಬ್ಬರ ಹಿಂದೊಬ್ಬರು ಅವನ ಕಡೆ ಸೇರಿದರು. ಪತ್ರಿಕೆಗಳು ಹೆಸರಿನ ಗೊಡವೆ ಬೇಡವೆಂದು ಅವನನ್ನು ‘ಹಕ್ಕುದಾರ’ ಎಂದಷ್ಟೇ ಕರೆದವು.

ರಕ್ತಸಂಬಂಧಿಗಳಲ್ಲಿ ತಾಯಿ ಬಿಟ್ಟರೆ ಹೆಚ್ಚುಕಡಿಮೆ ಯಾರೂ ಒಪ್ಪಲಿಲ್ಲ. ಅವರಿಗೂ ಕಾರಣವಿತ್ತು. ರೋಜರನ ತಮ್ಮ ಆಲ್ಫ್ರೆಡ್ 1866ರ ಫೆಬ್ರವರಿಯಲ್ಲಿ ಸತ್ತಿದ್ದ. ಹೆಂಡತಿ ಆಗ ಬಸುರಿ. ಮೇ ತಿಂಗಳಲ್ಲಿ ಹುಟ್ಟಿದ ಗಂಡುಕೂಸೇ ಹನ್ನೆರಡನೆಯ ಬ್ಯಾರನೆಟ್. ವರ್ಷಕ್ಕೆ 20,000 ಪೌಂಡಿಗೂ ಮೀರಿದ ಹುಟ್ಟುವಳಿಯ ಆಸ್ತಿ ಆ ತೊಟ್ಟಿಲಿನಲ್ಲಿತ್ತು. 1868ರ ಮಾರ್ಚಿನಲ್ಲಿ ತಾಯಿ ತೀರಿಕೊಂಡಳು. ಹಕ್ಕುದಾರ ಶವಯಾತ್ರೆಯಲ್ಲಿ ಹಟ ಹಿಡಿದು ಮಗನ ಸ್ಥಾನದಲ್ಲೇ ನಡೆದ. ಅವಳ ಪ್ರಮಾಣಪತ್ರ ಉಳಿಯಿತು, ಪಾಟಿ ಸವಾಲಿಗೆ ಸಿಗಬೇಕಾದ ಸಾಕ್ಷಿ ಹೋಯಿತು. ಅವಳ 1,000 ಪೌಂಡೂ ನಿಂತಿತು. ಮುಂದೆ ಖರ್ಚಿಗೆ ಅವನು ಹೂಡಿದ ಉಪಾಯ ‘ಟಿಚ್‌ಬೋರ್ನ್ ಬಾಂಡ್’. ಆಸ್ತಿ ಕೈಸೇರಿದ ಮೇಲೆ 100 ಪೌಂಡ್ ಕೊಡುತ್ತೇನೆಂಬ ಚೀಟಿಯನ್ನು ಕಡಿಮೆ ಬೆಲೆಗೆ ಮಾರಿ ಸುಮಾರು 40,000 ಪೌಂಡ್ ಎತ್ತಿದ. ಆಮೇಲೆ ಅವನನ್ನು ನಂಬುವುದು ಎಷ್ಟೋ ಜನರಿಗೆ ಹಣದ ಪ್ರಶ್ನೆಯೂ ಆಯಿತು.

ಕೈಗೆ ಕೊಡಲಾಗದ ಮೂರು ಸಂಗತಿ

ದಾವೆಯ ರೂಪ ವಿಚಿತ್ರವಾಗಿತ್ತು. ಟಿಚ್‌ಬೋರ್ನ್ ಪಾರ್ಕ್ ಬಂಗಲೆಯನ್ನು ಕರ್ನಲ್ ಲಷಿಂಗ್ಟನ್ ಎಂಬವರಿಗೆ ಬಾಡಿಗೆಗೆ ಕೊಟ್ಟಿದ್ದರು. ಹಕ್ಕುದಾರ ಬಾಡಿಗೆದಾರನನ್ನು ಬಿಡಿಸಲು ದಾವೆ ಹೂಡಿದ. ಬಿಡಿಸುವ ಹಕ್ಕಿದೆಯೇ ಎಂದು ನೋಡಬೇಕಾದರೆ ಮಾಲೀಕ ಯಾರೆಂದು ನೋಡಲೇಬೇಕಲ್ಲ. 1871ರ ಮೇ 11ರಂದು ಮುಖ್ಯ ನ್ಯಾಯಮೂರ್ತಿ ಬೋವಿಲ್ ಎದುರು ವಿಚಾರಣೆ ಶುರುವಾಯಿತು. ಹಕ್ಕುದಾರನ ಪರ ಬ್ಯಾಲಂಟೈನ್, ಎದುರಿಗೆ ಜಾನ್ ಡ್ಯೂಕ್ ಕೋಲ್‌ರಿಜ್. ವಾದಿ ಸಾಕ್ಷಿಕಟ್ಟೆಗೆ ಬಂದಾಗ ಅವನ ತೂಕ 160 ಕಿಲೊ ದಾಟಿತ್ತು. ಜನ ನಕ್ಕರು. ಆದರೆ ತೂಕ ಯಾವುದನ್ನೂ ಸಾಬೀತು ಮಾಡುವುದಿಲ್ಲ. ಹದಿನೇಳು ವರ್ಷದಲ್ಲಿ ಮನುಷ್ಯ ದಪ್ಪಗಾಗುತ್ತಾನೆ, ಅದರಲ್ಲೂ ಮಾಂಸದ ಅಂಗಡಿ ಇಟ್ಟವನು. ನಡೆಯಲ್ಲಿ, ಹುಬ್ಬು ಅದುರಿಸುವುದರಲ್ಲಿ ರೋಜರನನ್ನು ಕಂಡವರು ನೂರಾರು. ಮೈಯ ಒಂದು ಗುಪ್ತ ದೋಷ ಇಬ್ಬರಿಗೂ ಒಂದೇ ಎಂಬ ವಾದವೂ ಬಂತು.

ಅವನನ್ನು ಕೆಡವಿದ್ದು ಬೇರೆಯವರು ಹೇಳಿಕೊಟ್ಟು ಕಲಿಸಲಾಗದ ಸಂಗತಿಗಳು.

ಮೊದಲನೆಯದು ಭಾಷೆ. ಹದಿನಾರು ವರ್ಷ ಫ್ರೆಂಚಿನಲ್ಲೇ ಅತ್ತು ನಕ್ಕವನಿಗೆ ಒಂದು ಮಾತೂ ಬರುತ್ತಿರಲಿಲ್ಲ. ಮರೆತೆ ಎಂದ. ಇರಲಿ, ಮರೆಯಬಹುದು ಎಂದೇ ಇಟ್ಟುಕೊಳ್ಳೋಣ. ಮರೆತ ಭಾಷೆಯ ಎಳೆತ ನಾಲಿಗೆಯಲ್ಲಿ ಉಳಿಯಬೇಕಲ್ಲ? ಅವನ ಇಂಗ್ಲಿಷಿನಲ್ಲಿ ಅದೂ ಇಲ್ಲ. ಸ್ಟೋನಿಹರ್ಸ್ಟ್‌ನಲ್ಲಿ ಓದಿದ ಲ್ಯಾಟಿನ್ ಬಗ್ಗೆ ಕೇಳಿ ಪುಸ್ತಕ ಮುಂದಿಟ್ಟಾಗ ಅದು ಗ್ರೀಕ್ ಇರಬೇಕೆಂದ. ‘ಇದನ್ನು ಕೇಳಿದರೆ ನಿಮಗೆ ಆಶ್ಚರ್ಯವಾದೀತೇ’ ಎಂದು ಕೋಲ್‌ರಿಜ್ ಪ್ರಶ್ನೆ ಎತ್ತುತ್ತಿದ್ದ ರೀತಿ ಲಂಡನ್ನಿನ ಬೀದಿಯಲ್ಲಿ ನಗೆಮಾತಾಯಿತು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆಗೆ ಇಷ್ಟು ದುಬಾರಿ ಉದಾಹರಣೆ ಇನ್ನೊಂದಿರಲಾರದು.

ಎರಡನೆಯದು ಲಕೋಟೆ. ರೋಜರ್ ಗಾಸ್‌ಫರ್ಡ್‌ಗೆ ಕೊಟ್ಟಿದ್ದರಲ್ಲಿ ಏನಿತ್ತು? ರೋಜರ್ ಸತ್ತನೆಂದು ತೀರ್ಮಾನವಾದ ಮೇಲೆ ಗಾಸ್‌ಫರ್ಡ್ ಅದನ್ನು ಸುಟ್ಟಿದ್ದ. ಸುಟ್ಟ ಕಾಗದದ ಬಗ್ಗೆ ಏನು ಹೇಳಿದರೂ ನಡೆಯುತ್ತದೆ ಎಂದು ಹಕ್ಕುದಾರ ಅಂದುಕೊಂಡ. ಕ್ಯಾಥರೀನಳ ಜೊತೆ ತನಗೆ ದೈಹಿಕ ಸಂಬಂಧವಿತ್ತು, ಅವಳು ಬಸುರಿಯಾಗಿರಬಹುದೆಂಬ ಭಯವಿತ್ತು, ಹಾಗಾದರೆ ಹೆರಿಗೆಗೆ ಏನು ವ್ಯವಸ್ಥೆ ಮಾಡಬೇಕೆಂದು ಅದರಲ್ಲಿ ಬರೆದಿದ್ದೆ ಎಂದ. ಆ ಹೊತ್ತಿಗೆ ಕ್ಯಾಥರೀನ್ ಬೇರೆಯವರ ಹೆಂಡತಿ, ಲೇಡಿ ರ್‍ಯಾಡ್‌ಕ್ಲಿಫ್, ಮಕ್ಕಳೊಂದಿಗಳಾಗಿ ಬಾಳುತ್ತಿದ್ದವಳು. ತುಂಬಿದ ಕೋರ್ಟಿನಲ್ಲಿ ಈ ಮಾತು ಬಂತು.

ಆದರೆ ಕ್ಯಾಥರೀನಳ ಬಳಿ ಆ ಕಾಗದದ ಪ್ರತಿಯಿತ್ತು, ರೋಜರ್ ತಾನೇ ಬರೆದುಕೊಟ್ಟದ್ದು, 1852ರ ಜೂನ್ 22ರ ತಾರೀಖಿನದು. ಅದೊಂದು ಹರಕೆ. ಈ ವರ್ಷವೋ, ಹೆಚ್ಚೆಂದರೆ ಮೂರು ವರ್ಷದೊಳಗೋ ಕೇಟ್ ಜೊತೆ ನನ್ನ ಮದುವೆಯಾದರೆ, ಟಿಚ್‌ಬೋರ್ನ್‌ನಲ್ಲಿ ಮೇರಿ ಮಾತೆಗೆ ಒಂದು ಗುಡಿ ಕಟ್ಟಿಸುತ್ತೇನೆ ಎಂಬ ಅರ್ಥದ ನಾಲ್ಕು ಸಾಲು. ಇಪ್ಪತ್ತು ವರ್ಷ ಅವಳು ಅದನ್ನು ಇಟ್ಟುಕೊಂಡಿದ್ದಳು. ಆ ಪ್ರೀತಿಯನ್ನು ಊಹಿಸಲು ಹೋದ ಹಕ್ಕುದಾರನಿಗೆ ಹೊಳೆದದ್ದು ಬಸಿರು. ಇಪ್ಪತ್ತಮೂರರ ಆ ಕ್ಯಾಥೊಲಿಕ್ ಹುಡುಗನಿಗೆ ಹೊಳೆದಿದ್ದದ್ದು ಗುಡಿ. ಕಡತದ ಸಾವಿರಾರು ಪುಟಗಳಲ್ಲಿ ಇಬ್ಬರೂ ಬೇರೆಬೇರೆ ಮನುಷ್ಯರು ಎಂದು ನನಗೆ ಮನವರಿಕೆಯಾದದ್ದು ಇಲ್ಲಿ.

ಮೂರನೆಯದು ಹಚ್ಚೆ. ಲಾರ್ಡ್ ಬೆಲ್ಯೂ ಎಂಬ ಹಳೆಯ ಸಹಪಾಠಿ ಬಂದು, ಶಾಲೆಯಲ್ಲಿ ರೋಜರನ ತೋಳಿನ ಮೇಲೆ ನಾನೇ ಹಚ್ಚೆ ಚುಚ್ಚಿದ್ದೆ, ಶಿಲುಬೆ, ಲಂಗರು, ಹೃದಯದ ಗುರುತು ಅವನ ಕೈಮೇಲಿತ್ತು ಎಂದ. ಹಕ್ಕುದಾರನ ತೋಳು ಬರಿದು. 1872ರ ಮಾರ್ಚ್ 4ರಂದು ಜ್ಯೂರಿಯವರು, ನಮಗಿನ್ನು ಸಾಕ್ಷ್ಯ ಬೇಡ ಎಂದರು. ಬ್ಯಾಲಂಟೈನ್ ತೀರ್ಪು ಬರುವ ಮೊದಲೇ ದಾವೆ ಕೈಬಿಟ್ಟ. 102 ದಿನ ನಡೆದ ವಿಚಾರಣೆ ಹೀಗೆ ನಿಂತಿತು, ಹಕ್ಕುದಾರನನ್ನು ಸುಳ್ಳು ಸಾಕ್ಷ್ಯದ ಆರೋಪದ ಮೇಲೆ ನ್ಯೂಗೇಟ್ ಜೈಲಿಗೆ ಒಯ್ದರು.

ಇಲ್ಲಿ ನಮ್ಮ ದೇಶದ ಭವಾಲ್ ಸನ್ಯಾಸಿಯ ಮೊಕದ್ದಮೆ ನೆನಪಾಗದೆ ಇರದು. ಡಾರ್ಜಿಲಿಂಗ್‌ನಲ್ಲಿ 1909ರಲ್ಲಿ ಸತ್ತನೆನ್ನಲಾದ ಢಾಕಾ ಸೀಮೆಯ ಜಮೀನ್ದಾರ ಕುಮಾರ, ಬೂದಿ ಬಳಿದ ಸನ್ಯಾಸಿಯಾಗಿ ಮರಳಿದ. ಅಕ್ಕ ಗುರುತಿಸಿದಳು, ಹೆಂಡತಿ ಒಪ್ಪಲಿಲ್ಲ. ಅಲ್ಲೂ ಮೈಮೇಲಿನ ಗುರುತುಗಳನ್ನು ಒಂದೊಂದಾಗಿ ಎಣಿಸಿದರು. ಅವು ತಾಳೆಯಾದವು. 1936ರಲ್ಲಿ ವಾದಿ ಗೆದ್ದ, 1946ರಲ್ಲಿ ಆಗಿನ ಕೊನೆಯ ಮೇಲ್ಮನವಿ ಪೀಠವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ ಅದನ್ನೇ ಎತ್ತಿಹಿಡಿಯಿತು. ಸತ್ತವನು ಮರಳಿ ಬಂದ ಎಂದರೆ ಸುಳ್ಳೇ ಇರಬೇಕು ಎಂದು ಮೊದಲೇ ತೀರ್ಮಾನಿಸಿಕೊಂಡು ಟಿಚ್‌ಬೋರ್ನ್ ಕಡತ ತೆರೆಯಬಾರದು ಎನ್ನಲು ಇಷ್ಟು ಹೇಳಿದೆ.

ಆರ್ಥರ್ ಆರ್ಟನ್

ಹಾಗಾದರೆ ಈತ ಯಾರು? ವಾಪಿಂಗ್‌ನ ಕಟುಕ ಜಾರ್ಜ್ ಆರ್ಟನ್‌ನ ಮಗ ಆರ್ಥರ್ 1834ರಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಹಡಗು ಸೇರಿ, ಚಿಲಿಯ ವಾಲ್ಪರೈಸೊದಲ್ಲಿ ತಪ್ಪಿಸಿಕೊಂಡು, ಒಳನಾಡಿನ ಮೆಲಿಪಿಯಾ ಎಂಬ ಊರಿನಲ್ಲಿ ಕ್ಯಾಸ್ಟ್ರೊ ಎಂಬುವರ ಆಸರೆಯಲ್ಲಿದ್ದ. ಅಲ್ಲಿಂದ ಲಂಡನ್ನಿಗೆ ಮರಳಿ 1852ರಲ್ಲಿ ಟಾಸ್ಮೇನಿಯಾಗೆ ಹೋದ.

ಹಕ್ಕುದಾರ ಮಾಡಿಕೊಂಡ ಎಡವಟ್ಟು ನೋಡಿ. ಕ್ಯಾಸ್ಟ್ರೊ ಎಂಬ ಹೆಸರು ಎಲ್ಲಿಂದ ಬಂತು ಎಂದರೆ, ಮೆಲಿಪಿಯಾದಲ್ಲಿ ನನಗೆ ಆಸರೆ ಕೊಟ್ಟವರ ಹೆಸರು ಎಂದು ತಾನೇ ಹೇಳಿದ. ಎದುರು ಪಕ್ಷದವರು ಚಿಲಿಗೆ ಬರೆದು ಕೇಳಿದರು. ಊರವರಿಗೆ ಟಿಚ್‌ಬೋರ್ನ್ ಎಂಬ ಸಾಹೇಬನ ನೆನಪಿಲ್ಲ. ಆರ್ಥರ್ ಎಂಬ ಇಂಗ್ಲಿಷ್ ಹುಡುಗನ ನೆನಪು ಚೆನ್ನಾಗಿದೆ. ಅವನಿದ್ದ ಕಾಲವೂ ರೋಜರ್ ಚಿಲಿಗೆ ಕಾಲಿಡುವ ಮೊದಲಿನದು. ಸಾಕ್ಷಿಗಳನ್ನು ಸ್ಥಳದಲ್ಲೇ ವಿಚಾರಿಸಲು ಕಮಿಷನ್ ಹೊರಟಾಗ ಹಕ್ಕುದಾರನೂ ದಕ್ಷಿಣ ಅಮೆರಿಕಕ್ಕೆ ಹೋದ. ಅರ್ಜೆಂಟೀನದವರೆಗೆ ಹೋಗಿ, ಆಂಡೀಸ್ ದಾಟದೆ, ಆರೋಗ್ಯ ಸರಿಯಿಲ್ಲವೆಂದು ವಾಪಸು ಬಂದ. ಅವನ ಕಡೆಯ ಹಲವರು ಆಗಲೇ ಕಳಚಿಕೊಂಡರು.

ವಾಪಿಂಗ್‌ನಿಂದ ಬಂದ ಸಾಕ್ಷಿಗಳಲ್ಲಿ ಮೇರಿ ಆ್ಯನ್ ಲೋಡರ್ ಎಂಬಾಕೆಯೂ ಇದ್ದಳು, ಆರ್ಥರ್ ಹಡಗು ಹತ್ತುವ ಮೊದಲು ಪ್ರೀತಿಸಿದ್ದ ಹುಡುಗಿ. ಇವನೇ ಆರ್ಥರ್ ಎಂದಳು. ಒಬ್ಬನಿಗೆ ಇಬ್ಬರು ಹಳೆಯ ಪ್ರೇಯಸಿಯರು. ಶ್ರೀಮಂತಳಾದವಳು ಇವನಲ್ಲ ಎಂದಳು, ಬಡವಿ ಇವನೇ ಎಂದಳು. ಆರ್ಥರನ ಅಣ್ಣ ಚಾರ್ಲ್ಸ್, ಬಾಯಿ ಮುಚ್ಚಿಕೊಂಡಿರಲು ಹಕ್ಕುದಾರ ತಿಂಗಳಿಗಿಷ್ಟು ಎಂದು ದುಡ್ಡು ಕೊಡುತ್ತಿದ್ದ ಎಂದ.

ಕ್ರಿಮಿನಲ್ ಮೊಕದ್ದಮೆ 1873ರ ಏಪ್ರಿಲ್‌ನಿಂದ 188 ದಿನ ನಡೆಯಿತು. ಮುಖ್ಯ ನ್ಯಾಯಮೂರ್ತಿ ಕಾಕ್‌ಬರ್ನ್ ಸೇರಿ ಮೂವರು ನ್ಯಾಯಾಧೀಶರು. ಆ ಕಾಲದ ಇಂಗ್ಲೆಂಡಿನಲ್ಲಿ ಆರೋಪಿ ತನ್ನ ಪರವಾಗಿ ತಾನೇ ಸಾಕ್ಷಿ ನುಡಿಯುವಂತಿರಲಿಲ್ಲ. ಆ ಕಾನೂನು ಬದಲಾದದ್ದು 1898ರಲ್ಲಿ. ಹಾಗಾಗಿ ಈ ಇಡೀ ವಿಚಾರಣೆಯಲ್ಲಿ ಹಕ್ಕುದಾರ ಚಿತ್ರ ಬಿಡಿಸುತ್ತ ಕೂತಿದ್ದ. ಮಾತೆಲ್ಲ ವಕೀಲ ಎಡ್ವರ್ಡ್ ಕೆನೀಲಿಯದು. ಆತ ಜೆಸ್ಯೂಟರು, ಕುಟುಂಬದವರು, ನ್ಯಾಯಾಧೀಶರು ಎಲ್ಲರೂ ಸೇರಿ ಸಂಚು ಮಾಡಿದ್ದಾರೆಂದು ಕೂಗಾಡಿದ. ಬೆಲ್ಲಾದಿಂದ ರೋಜರನನ್ನು ಉಳಿಸಿದ ಹಡಗಿನಲ್ಲಿ ನಾನೇ ಕೆಲಸಕ್ಕಿದ್ದೆ ಎಂದ ಜೀನ್ ಲುಯಿ ಎಂಬ ನಾವಿಕನನ್ನು ಸಾಕ್ಷಿಯಾಗಿ ತಂದ. ಆ ಮನುಷ್ಯ ಆಗಷ್ಟೇ ಜೈಲಿನಿಂದ ಹೊರಬಂದ ಠಕ್ಕನೆಂದು ಗೊತ್ತಾಗಿ, ಇದ್ದಬದ್ದ ನಂಬಿಕೆಯೂ ಹೋಯಿತು. 1874ರ ಫೆಬ್ರವರಿ 28ರಂದು ಜ್ಯೂರಿ ಅರ್ಧ ಗಂಟೆಯಲ್ಲಿ ತೀರ್ಮಾನಿಸಿತು: ಈತ ರೋಜರ್ ಅಲ್ಲ; ಆರ್ಥರ್ ಆರ್ಟನ್; ಮತ್ತು ರೋಜರ್ ತನ್ನ ದೊಡ್ಡಪ್ಪನ ಮಗಳ ಜೊತೆ ಎಂದೂ ಅನುಚಿತವಾಗಿ ನಡೆದುಕೊಂಡ ಎಂಬುದಕ್ಕೆ ಲವಲೇಶ ಪುರಾವೆಯಿಲ್ಲ. ಶಿಕ್ಷೆ ಹದಿನಾಲ್ಕು ವರ್ಷ. ಆಸ್ತಿಯನ್ನು ಉಳಿಸಿಕೊಳ್ಳಲು ಕುಟುಂಬ ಮಾಡಿದ ಖರ್ಚು ಸುಮಾರು 90,000 ಪೌಂಡ್.

ಇದಾದ ಮೇಲೂ ಕಾರ್ಮಿಕರು, ಹೆಂಡದಂಗಡಿಯವರು, ಸಣ್ಣ ವ್ಯಾಪಾರಿಗಳು ಲಕ್ಷಾಂತರ ಜನ ಅವನನ್ನು ಕೈಬಿಡಲಿಲ್ಲ. ದುಡಿದು ತಿಂದು ಕೈ ಒರಟಾದದ್ದಕ್ಕೆ ದೊಡ್ಡವರು ತಮ್ಮವನನ್ನೇ ಹೊರಗಟ್ಟಿದರು ಎಂಬ ಸಿಟ್ಟು ಅವರದು. ಕಟುಕನಾದರೆ ಕುಲೀನನಾಗಿರಬಾರದೇ ಎಂದು ಕೇಳುತ್ತಲೇ ಅವನು ಹುಟ್ಟು ಕುಲೀನ ಎಂದು ಸಾಧಿಸುತ್ತಿದ್ದರು ಎಂಬುದು ಅವರಿಗೆ ಹೊಳೆಯಲಿಲ್ಲ. ಸನ್ನದು ಕಳೆದುಕೊಂಡ ಕೆನೀಲಿ 1875ರಲ್ಲಿ ಸ್ಟೋಕ್‌ನಿಂದ ಗೆದ್ದು ಸಂಸತ್ತಿಗೆ ಬಂದ. ಮರುವಿಚಾರಣೆಗೆ ಆಯೋಗ ಬೇಕೆಂದು ಅವನು ತಂದ ನಿರ್ಣಯದ ಪರ ಒಂದು ಮತ ಬಿತ್ತು, ವಿರುದ್ಧ 433.

ಬೋಗಲ್ 1877ರಲ್ಲಿ ಬಡತನದಲ್ಲೇ ಸತ್ತ. ಹಕ್ಕುದಾರ 1884ರಲ್ಲಿ ಬಿಡುಗಡೆಯಾಗಿ ಸಂಗೀತ ಸಭಾಂಗಣಗಳಲ್ಲಿ, ಸರ್ಕಸ್ಸಿನಲ್ಲಿ ತನ್ನನ್ನೇ ತೋರಿಸಿಕೊಂಡು ಬದುಕಿದ. ಮೇರಿ ಆ್ಯನ್ ಜೊತೆಗಿರಲಿಲ್ಲ. ಲಿಲಿ ಎಂಬ ಹಾಡುಗಾರ್ತಿ ಹೊಸ ಹೆಂಡತಿ. 1895ರಲ್ಲಿ ‘ದಿ ಪೀಪಲ್’ ಪತ್ರಿಕೆಗೆ ದುಡ್ಡು ಪಡೆದು, ಹೌದು, ನಾನು ಆರ್ಥರ್ ಆರ್ಟನ್ ಎಂದು ಬರೆದುಕೊಟ್ಟ. ಸ್ವಲ್ಪ ದಿನಕ್ಕೆ ಆ ಮಾತನ್ನೂ ಹಿಂದಕ್ಕೆ ತೆಗೆದುಕೊಂಡ.

1898ರ ಏಪ್ರಿಲ್ 1ರಂದು ಬಾಡಿಗೆ ಕೋಣೆಯೊಂದರಲ್ಲಿ ತೀರಿಕೊಂಡ. ಪ್ಯಾಡಿಂಗ್ಟನ್ ಸ್ಮಶಾನದಲ್ಲಿ, ಗುರುತಿನ ಕಲ್ಲಿಲ್ಲದ ಬಡವರ ಗುಂಡಿಯಲ್ಲಿ ಹೂತರು. ನೋಡಲು ಸುಮಾರು ಐದು ಸಾವಿರ ಜನ ಬಂದಿದ್ದರು. ಶವಪೆಟ್ಟಿಗೆಯ ಮೇಲೆ ಒಂದು ತಗಡು ಹೊಡೆದಿತ್ತು: ಸರ್ ರೋಜರ್ ಚಾರ್ಲ್ಸ್ ಡೌಟಿ ಟಿಚ್‌ಬೋರ್ನ್; ಜನನ 1829ರ ಜನವರಿ 5, ಮರಣ 1898ರ ಏಪ್ರಿಲ್ 1. ಆ ತಗಡಿಗೆ ಅನುಮತಿ ಕೊಟ್ಟವರು ಟಿಚ್‌ಬೋರ್ನ್ ಕುಟುಂಬದವರು.